123456789ನ್ನು ಪೆನ್ಸಿಲ್ ಹಿಡಿದು ಒಡೆದದ್ದು

ಒಂದರಿಂದ ಒಂಬತ್ತರವರೆಗೆ ಸಾಲಾಗಿ ಬರೆದರೆ 12,34,56,789. ಎಷ್ಟೋ ಸಲ ಸುಮ್ನೆ ಬರೆದಿದ್ದೆ, ಒಳಗೆ ಏನಿದೆ ಅಂತ ನೋಡಿರಲಿಲ್ಲ. ಒಂದು ದಿನ ಕ್ಯಾಲ್ಕುಲೇಟರ್ ಮುಟ್ಟದೆ ಇದರ ಅಪವರ್ತನ ಹುಡುಕಲು ಕೂತೆ.

ಅಂಕಿಗಳ ಮೊತ್ತ 45. ಹಾಗಾಗಿ 9ರಿಂದ ಭಾಗವಾಗುತ್ತದೆ. ಉಳಿದದ್ದು 13717421. ಇದರ ಅಂಕಿಗಳ ಮೊತ್ತ 26, ಇನ್ನು 3 ಬರುವುದಿಲ್ಲ.

7, 11, 13ಕ್ಕೆ ಬೇರೆ ಬೇರೆ ಭಾಗಿಸಲಿಲ್ಲ. ಮೂರನ್ನೂ ಗುಣಿಸಿದರೆ 1001 ಅಲ್ವಾ? 1000 ಅದಕ್ಕಿಂತ ಒಂದೇ ಕಡಿಮೆ, ಹಾಗಾಗಿ ಮೂರಂಕಿಯ ತುಂಡುಗಳನ್ನು ಒಂದು ಬಿಟ್ಟು ಒಂದು ಕಳೆದು ಕೂಡಿದರೆ ಸಾಕು. ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ, 421ರಲ್ಲಿ 717 ಕಳೆದು 13 ಕೂಡಿದೆ. ಮೈನಸ್ 283 ಬಂತು. 283 ಆ ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ. ಒಂದೇ ಏಟಿಗೆ ಮೂರೂ ಹೋದವು.

ಆಮೇಲೆ 17, 19, 23 ಅಂತ ಒಂದೊಂದಾಗಿ ಹಿಡಿದೆ. 47ಕ್ಕೆ ಬಂದಾಗ ಕೈ ನಿಂತಿತು. ಶೇಷ ಬರೀ 1! ಎರಡು ಸಲ ಲೆಕ್ಕ ಮಾಡಿದರೂ ಅಷ್ಟೇ. 13717421ರ ವರ್ಗಮೂಲ 3703ಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಈ ದಾರಿಯಲ್ಲಿ 500ಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳು ಕಾಯುತ್ತಿದ್ದವು.

ಆಗ ಫ್ರೆಂಚ್ ಗಣಿತಜ್ಞ ಫರ್ಮಾ 1643ರ ಸುಮಾರಿಗೆ ಒಂದು ಪತ್ರದಲ್ಲಿ ವಿವರಿಸಿದ ಉಪಾಯ ನೆನಪಾಯಿತು. ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ ಸಂಖ್ಯೆಯ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆಯಬೇಕು. ಉಳಿದದ್ದು ಪೂರ್ಣ ವರ್ಗವಾದರೆ ಕೆಲಸ ಮುಗಿಯಿತು: a² − b² = (a − b)(a + b) ಅಲ್ವಾ, ಎರಡು ಅಪವರ್ತನ ಸಿಕ್ಕಿದಂತೆಯೇ.

3704ರ ವರ್ಗ 13719616. ಕಳೆದರೆ 2195. ಐದರಲ್ಲಿ ಮುಗಿಯುವ ಪೂರ್ಣ ವರ್ಗ 25ರಲ್ಲೇ ಮುಗಿಯಬೇಕು, ಇದು 95. ಆಗಲಿಲ್ಲ. ಮುಂದಿನದು 3705. ಮತ್ತೆ ವರ್ಗ ಮಾಡುವುದು ಬೇಡ, 2195ಕ್ಕೆ 3704 ಮತ್ತು 3705 ಕೂಡಿದರೆ ಸಾಕು. 9604. ನೂರರಲ್ಲಿ ಎರಡು ಕಡಿಮೆ, ಅದರ ವರ್ಗ 10000 − 400 + 4. ಹೌದು, 98ರ ವರ್ಗವೇ!

3705ರಿಂದ 98 ಕಳೆದರೆ 3607, ಕೂಡಿದರೆ 3803. ಎರಡನೇ ಹೆಜ್ಜೆಗೇ ಸಿಕ್ಕಿತು. ಆ ಖುಷಿಯಲ್ಲಿ ಎದ್ದು ಓಡಾಡಿದೆ. ಇವೆರಡೂ ಅವಿಭಾಜ್ಯವೇ ಅಂತ 61ರವರೆಗೆ ಭಾಗಿಸಿ ಖಚಿತ ಮಾಡಿಕೊಂಡೆ.

ಹೀಗೆ 123456789 = 3 × 3 × 3607 × 3803. ಇದಕ್ಕೆ ಒಟ್ಟು 12 ಭಾಜಕಗಳು. ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಗುಣ. ಇದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು, ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. 3607ನ್ನು 4ರಿಂದ ಭಾಗಿಸಿದರೆ ಶೇಷ 3, ಮತ್ತು ಅದು ಒಂದೇ ಸಲ ಬರುತ್ತದೆ. ಇಂಥ ಅವಿಭಾಜ್ಯ ಬೆಸ ಸಲ ಬಂದರೆ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗುವುದಿಲ್ಲ, ಅಷ್ಟು ಸಾಕು.

ಹುಮ್ಮಸ್ಸಿನಲ್ಲಿ 987654321ನ್ನೂ ಹಿಡಿದೆ. 9 ಒಂದು ಸಲ, 17 ಎರಡು ಸಲ ಹೋದ ಮೇಲೆ 379721 ಉಳಿಯಿತು. ಅದೇ ಉಪಾಯ ಹಾಕಿದೆ, ಎಷ್ಟು ಹೆಜ್ಜೆ ಹೋದರೂ ಏನೂ ಸಿಗಲಿಲ್ಲ. ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಅದು ಬೇಗ ಫಲ ಕೊಡುತ್ತದೆ. ಕೊನೆಗೆ ಉಪಾಯ ಬಿಟ್ಟು 613ರವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿದೆ. ಒಂದರಿಂದಲೂ ಹೋಗಲಿಲ್ಲ. 379721 ತಾನೇ ಅವಿಭಾಜ್ಯ.