ಪೆಟಿ ಜೀನ್ ಬೆಟ್ಟಕ್ಕೆ ಹೋಗುವವರಿಗೆ: ಮೇಲೆ ಲಾಡ್ಜ್, ಕೆಳಗೆ ಜಲಪಾತ

ಅಮೆರಿಕದ ಅರ್ಕಾನ್ಸಾ ರಾಜ್ಯದ ಪೆಟಿ ಜೀನ್ ಸ್ಟೇಟ್ ಪಾರ್ಕಿನಲ್ಲಿ ಚಾರಣದ ಲೆಕ್ಕ ತಲೆಕೆಳಗು. ಕಾರು ನೇರ ಬೆಟ್ಟದ ನೆತ್ತಿಗೇ ಹೋಗುತ್ತದೆ. ಲಾಡ್ಜ್, ಕ್ಯಾಂಪ್‌ಗ್ರೌಂಡ್, ಕೆರೆ ಎಲ್ಲವೂ ಮೇಲೇ ಇವೆ. ನೋಡಬೇಕಾದ ಜಲಪಾತ ಮಾತ್ರ ಕಣಿವೆಯ ತಳದಲ್ಲಿದೆ. ಅಂದರೆ ಕಾಲಲ್ಲಿ ಶಕ್ತಿಯಿದ್ದಾಗ ಇಳಿಯುತ್ತೀರಿ, ದಣಿದ ಮೇಲೆ ಹತ್ತುತ್ತೀರಿ. ಇಡೀ ದಿನದ ಯೋಜನೆಯನ್ನು ಇದೊಂದನ್ನು ನೆನಪಿಟ್ಟುಕೊಂಡೇ ಮಾಡಬೇಕು.

ಐ-40 ಹೆದ್ದಾರಿಯಲ್ಲಿ ಬರುವವರು ಮಾರಿಲ್ಟನ್ ಊರಿನ 108ನೇ ಎಕ್ಸಿಟ್‌ನಲ್ಲಿ ಇಳಿದು, ಹೈವೇ 9ರಲ್ಲಿ ದಕ್ಷಿಣಕ್ಕೆ 9 ಮೈಲಿ, ಆಮೇಲೆ ಹೈವೇ 154ರಲ್ಲಿ ಪಶ್ಚಿಮಕ್ಕೆ 12 ಮೈಲಿ ಹೋಗಬೇಕು. ಡಾರ್ಡನೆಲ್ ಕಡೆಯಿಂದಾದರೆ ಹೈವೇ 7ರಲ್ಲಿ ದಕ್ಷಿಣಕ್ಕೆ 7 ಮೈಲಿ ಬಂದು, ಅದೇ 154ರಲ್ಲಿ ಪೂರ್ವಕ್ಕೆ 16 ಮೈಲಿ. ಪೆಟ್ರೋಲನ್ನೂ ದಿನಸಿಯನ್ನೂ ಬೆಟ್ಟ ಹತ್ತುವ ಮೊದಲೇ ಊರಲ್ಲಿ ತುಂಬಿಸಿಕೊಳ್ಳಿ. ಪಾರ್ಕಿಗೆ ಪ್ರವೇಶ ಶುಲ್ಕವಿಲ್ಲ. ಕೊಡಬೇಕಾದದ್ದು ತಂಗುವುದಕ್ಕೆ ಮಾತ್ರ.

ಯಾವಾಗ ಹೋಗಬೇಕೆಂಬುದನ್ನು ನೀರೇ ನಿರ್ಧರಿಸುತ್ತದೆ. 95 ಅಡಿ, ಅಂದರೆ ಸುಮಾರು 29 ಮೀಟರ್ ಎತ್ತರದಿಂದ ಧುಮುಕುವ ಸೀಡರ್ ಫಾಲ್ಸ್‌ಗೆ ಮಳೆಯ ನೀರೇ ಆಧಾರ. ಚಳಿಗಾಲದ ಕೊನೆಯಿಂದ ವಸಂತದವರೆಗೆ ಅದು ತುಂಬಿ ಬೀಳುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಕೈಕೊಟ್ಟರೆ ಬಂಡೆಯ ಮೇಲೆ ಒಂದು ಎಳೆಯಷ್ಟೇ ಉಳಿಯುತ್ತದೆ. ಎಲೆ ಬಣ್ಣಗಟ್ಟುವುದನ್ನು ನೋಡಬೇಕಿದ್ದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ದಿನಗಳನ್ನು ಆರಿಸಿಕೊಳ್ಳಿ, ಆದರೆ ಆಗ ಜಲಪಾತದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ವಸಂತವೇ ಮೇಲು.

ತಂಗಲು ಎರಡು ದಾರಿ. ಮ್ಯಾಥರ್ ಲಾಡ್ಜ್ ಸೀಡರ್ ಕ್ರೀಕ್ ಹೊಳೆಯ ಕಣಿವೆಯ ಅಂಚಿನಲ್ಲೇ ನಿಂತಿದೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಸರ್ಕಾರ ಕೆಲಸ ಕೊಡುತ್ತಿದ್ದ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನ ಕೆಲಸಗಾರರು ಬೆಟ್ಟದ ಕಲ್ಲು, ಮರದ ದಿಮ್ಮಿಗಳಿಂದ ಕಟ್ಟಿದ್ದು. ನ್ಯಾಷನಲ್ ಪಾರ್ಕ್ ಸರ್ವೀಸ್‌ನ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾಥರ್ ಅವರ ಹೆಸರನ್ನು ಇದಕ್ಕಿಟ್ಟಿದ್ದಾರೆ. ಈ ಬೆಟ್ಟವನ್ನು ಉಳಿಸಬೇಕೆಂದು 1921ರಲ್ಲಿ ಅವರ ಬಳಿ ಹೋದವರು ಮರದ ಕಂಪನಿಯೊಂದರ ವೈದ್ಯರಾಗಿದ್ದ ಟಿ. ಡಬ್ಲ್ಯೂ. ಹಾರ್ಡಿಸನ್. ರಾಷ್ಟ್ರೀಯ ಉದ್ಯಾನಕ್ಕೆ ಈ ಜಾಗ ಚಿಕ್ಕದೆಂದು ಮ್ಯಾಥರ್ ಒಪ್ಪಲಿಲ್ಲ, ಆದರೆ ರಾಜ್ಯದ ಉದ್ಯಾನವಾಗಬಹುದೆಂದು ದಾರಿ ತೋರಿಸಿದರು. ಹೀಗೆ 1923ರಲ್ಲಿ ಇದು ಅರ್ಕಾನ್ಸಾದ ಮೊದಲ ಸ್ಟೇಟ್ ಪಾರ್ಕ್ ಆಯಿತು. ಲಾಡ್ಜ್‌ನಲ್ಲಿರುವುದು 24 ಕೋಣೆಗಳು ಮಾತ್ರ; ವಸಂತದ ವಾರಾಂತ್ಯಕ್ಕೆ ತಿಂಗಳುಗಳ ಮೊದಲೇ ಕಾಯ್ದಿರಿಸಿ, ಕಣಿವೆಯ ಕಡೆ ಮುಖವಿರುವ ಕೋಣೆ ಬೇಕಾದರೆ ಆಗಲೇ ಕೇಳಿ. ಕೋಣೆ ಸಿಗದಿದ್ದರೂ ಹಳೆಯ ಕಟ್ಟಡದ ಒಳಗೆ ಹೋಗಿ ಕಲ್ಲಿನ ಅಗ್ಗಿಷ್ಟಿಕೆಯನ್ನೂ ಮರದ ತೊಲೆಗಳನ್ನೂ ನೋಡದೆ ಬರಬೇಡಿ.

ಕ್ಯಾಂಪ್‌ಗ್ರೌಂಡ್‌ನಲ್ಲಿ ನೀರು, ವಿದ್ಯುತ್ ಇರುವ 125 ಜಾಗಗಳಿವೆ. ಲೇಕ್ ಬೈಲಿ ಕೆರೆಗೆ ಹತ್ತಿರದವು ಮೊದಲು ಹೋಗುತ್ತವೆ. ಟೆಂಟ್ ಹಾಕುವವರು ಗಮನಿಸಬೇಕಾದ್ದು ನೆಲ. ಮರಳುಗಲ್ಲಿನ ಮೇಲೆ ತೆಳ್ಳನೆ ಮಣ್ಣು, ಮೇಲೆ ಗಟ್ಟಿಸಿದ ಜಲ್ಲಿ. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳು ಇಲ್ಲಿ ಬಾಗಿಹೋಗುತ್ತವೆ. 10 ಇಂಚಿನ ಉಕ್ಕಿನ ಮೊಳೆಗೂಟಗಳು, ಒಂದು ಸುತ್ತಿಗೆ ತನ್ನಿ. ಸೌದೆಯನ್ನು ಮಾತ್ರ ದೂರದಿಂದ ತರಬೇಡಿ. ಆಶ್ ಮರಗಳನ್ನು ಕೊಲ್ಲುವ ಪಚ್ಚೆ ಬಣ್ಣದ ಕೊರಕ ಹುಳು ಅರ್ಕಾನ್ಸಾದಲ್ಲಿ 2014ರಿಂದ ಕಾಣಿಸಿಕೊಂಡಿದೆ. ಅದು ಹೊಸ ಕಾಡಿಗೆ ಹೋಗುವುದೇ ಹೆಚ್ಚಾಗಿ ಸೌದೆಯೊಳಗೆ ಅಡಗಿ. ಅಲ್ಲೇ ಹತ್ತಿರದಲ್ಲಿ ಕೊಂಡು, ಅಲ್ಲೇ ಉರಿಸಿ ಮುಗಿಸಿ.

ಈಗ ಜಲಪಾತ. ಇಳಿಯುವ ಮೊದಲು ಕಾರಿನಲ್ಲಿ ಸೀಡರ್ ಫಾಲ್ಸ್ ಓವರ್‌ಲುಕ್ ಎಂಬ ನೋಟದ ತಾಣಕ್ಕೆ ಹೋಗಿ ನೀರು ಎಷ್ಟಿದೆ ನೋಡಿ. ಗಾಲಿಕುರ್ಚಿಯೂ ಹೋಗುವಂಥ ದಾರಿ ಅಲ್ಲಿದೆ. ಮಂಡಿನೋವಿನವರಿಗೆ ಅದೇ ಸಾಕು, ನೋಟದಲ್ಲಿ ಕೊರತೆಯೇನಿಲ್ಲ. ಇಳಿಯುವವರಿಗೆ ದಾರಿ ಶುರುವಾಗುವುದು ಮ್ಯಾಥರ್ ಲಾಡ್ಜ್‌ನ ಬಳಿ. ಹೋಗಿಬರಲು ಒಟ್ಟು ಸುಮಾರು 2 ಮೈಲಿ. ಅಂಕಿ ಸಣ್ಣದೆಂದು ಚಪ್ಪಲಿಯಲ್ಲಿ ಹೊರಡುವವರು ತುಂಬ ಜನ, ಕಷ್ಟಪಡುವವರೂ ಅವರೇ. ಮೊದಲ ಭಾಗದಲ್ಲಿ ಕಲ್ಲುಮೆಟ್ಟಿಲುಗಳು ಅಡ್ಡಾದಿಡ್ಡಿಯಾಗಿ ಕಡಿದಾಗಿ ಇಳಿಯುತ್ತವೆ. ಒಂದೊಂದು ಮೆಟ್ಟಿಲು ಮಂಡಿಯೆತ್ತರ. ಕೆಳಗೆ ಸೇತುವೆ ಸಿಗುತ್ತದೆ. ದಾಟಿದ ಮೇಲೆ ಹೊಳೆಯ ಹರಿವಿಗೆ ಎದುರಾಗಿ ನಡೆಯಿರಿ. ನೀರಿನ ಜೊತೆಗೆ ಕೆಳಕ್ಕೆ ಹೊರಟರೆ ಜಲಪಾತದಿಂದ ದೂರವಾಗುತ್ತೀರಿ. ಅಲ್ಲಿಂದ ಮುಂದೆ ದಾರಿ ಹೆಚ್ಚುಕಡಿಮೆ ಸಮತಟ್ಟು, ಆದರೆ ಬೇರು, ಒದ್ದೆ ಬಂಡೆ ಹೇರಳ.

ಎರಡು ಗಂಟೆ ಇಟ್ಟುಕೊಳ್ಳಿ. ತಲೆಗೆ ಒಂದು ಲೀಟರ್ ನೀರು, ಬೇಸಿಗೆಯಲ್ಲಿ ಎರಡು. ಅಡಿಭಾಗಕ್ಕೆ ಒಳ್ಳೆಯ ಹಿಡಿತವಿರುವ ಶೂ ಬೇಕೇ ಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಎಂಟಕ್ಕೆ ಮುಂಚೆ ಇಳಿದರೆ ಹತ್ತರೊಳಗೆ ಮೇಲೆ ಬರಬಹುದು. ತಡವಾದರೆ ಗಾಳಿಯಾಡದ ಕಣಿವೆಯ ಸೆಕೆಯಲ್ಲಿ ಮೆಟ್ಟಿಲು ಹತ್ತಬೇಕಾಗುತ್ತದೆ. ಜೋರು ಮಳೆ ಬಂದಿದ್ದರೆ ಅಂದು ಇಳಿಯಬೇಡಿ. ಮೇಲಿನ ಕಲ್ಲು ನೀರನ್ನು ಹೆಚ್ಚು ಹೀರುವುದಿಲ್ಲವಾದ್ದರಿಂದ ಹೊಳೆ ಬೇಗ ಏರುತ್ತದೆ.

ಇದೇ ಕಲ್ಲು ಬೆಟ್ಟದಂಚಿನಲ್ಲಿ ಬೇರೆ ಅಪಾಯ ಒಡ್ಡುತ್ತದೆ. ಸವೆದ ಮರಳುಗಲ್ಲಿನ ಮೇಲೆ ಸಡಿಲ ಕಣಗಳು ಹರಡಿರುತ್ತವೆ. ಒಣಗಿದ ದಿನವೂ ರಾಗಿ ಕಾಳು ಚೆಲ್ಲಿದ ನೆಲದಂತೆ ಕಾಲು ಜಾರುತ್ತದೆ. ಬಹುತೇಕ ಅಂಚುಗಳಿಗೆ ಕಟಕಟೆ ಇಲ್ಲ. ಮಕ್ಕಳ ಕೈ ಬಿಡಬೇಡಿ, ನಾಯಿಗೆ ಹಗ್ಗ ಕಟ್ಟಿರಿ, ಹಿಂದೆ ಹಿಂದೆ ಸರಿಯುತ್ತಾ ಫೋಟೋ ತೆಗೆಯಲೇಬೇಡಿ.

ಎರಡನೇ ದಿನಕ್ಕೆ ಸೆವೆನ್ ಹಾಲೋಸ್ ಟ್ರೇಲ್ ಇರಲಿ: 4.5 ಮೈಲಿಯ ಸುತ್ತು, ಮೂರರಿಂದ ನಾಲ್ಕು ಗಂಟೆ, ನಡುವೆ ಕಲ್ಲಿನ ಸಹಜ ಸೇತುವೆ. ದಾರಿಯಲ್ಲಿ ಕುಡಿಯುವ ನೀರಿಲ್ಲ. ಅಷ್ಟು ನಡೆಯಲಾಗದವರು ರಾಕ್ ಹೌಸ್ ಕೇವ್‌ಗೆ ಹೋಗಲಿ. ಆಮೆಯ ಬೆನ್ನಿನಾಕಾರದ ಬಂಡೆಗಳನ್ನು ದಾಟಿದರೆ ಬೃಹತ್ ಕಲ್ಲಾಸರೆ, ಅದರ ಗೋಡೆಯಲ್ಲಿ ಮೂಲನಿವಾಸಿಗಳ ಕೆಂಪು ಚಿತ್ರಗಳು. ಕಣ್ಣು ನೆರಳಿಗೆ ಹೊಂದಿಕೊಳ್ಳುವವರೆಗೆ ಕೆಲವು ನಿಮಿಷ ಸುಮ್ಮನೆ ನಿಲ್ಲಿ, ಆಗಲೇ ಅವು ಕಾಣುವುದು. ಮುಟ್ಟಬೇಡಿ: ಬೆರಳಿನ ಎಣ್ಣೆಜಿಡ್ಡು ಬಣ್ಣವನ್ನು ಕೆಡಿಸುತ್ತದೆ, ಕೆಟ್ಟದ್ದನ್ನು ಸರಿಪಡಿಸಲು ಆಗುವುದಿಲ್ಲ. ಬೆಚ್ಚನೆಯ ತಿಂಗಳುಗಳಲ್ಲಿ ಎಲ್ಲಿ ನಡೆದು ಬಂದರೂ ಉಣ್ಣೆಹುಳು ಕಚ್ಚಿದೆಯೇ ಎಂದು ಮಂಡಿಯ ಹಿಂಭಾಗ, ಸೊಂಟ, ಕಂಕುಳಲ್ಲಿ ನೋಡಿಕೊಳ್ಳಿ.

ಮಾರ್ಚ್‌ನಿಂದ ಮೇವರೆಗೆ ಸುಂಟರಗಾಳಿಯ ಕಾಲ. ಕ್ಯಾಂಪಿಗೆ ಬಂದ ಕೂಡಲೇ ಗಾಳಿಮಳೆ ಬಂದರೆ ಎಲ್ಲಿ ಆಶ್ರಯ ಪಡೆಯಬೇಕೆಂದು ಸಿಬ್ಬಂದಿಯನ್ನು ಕೇಳಿ, ರಾತ್ರಿ ಫೋನಿನ ಹವಾಮಾನ ಎಚ್ಚರಿಕೆಯ ಸದ್ದು ಆರಿಸಬೇಡಿ. ಸಿಗ್ನಲ್ ನೆಚ್ಚಿಕೊಳ್ಳುವುದಕ್ಕಿಂತ ಹವಾಮಾನದ ಎಚ್ಚರಿಕೆ ಕೇಳಿಸುವ ಬ್ಯಾಟರಿಯ ವೆದರ್ ರೇಡಿಯೊ ಒಂದು ಜೊತೆಗಿದ್ದರೆ ಒಳ್ಳೆಯದು. ಎಚ್ಚರಿಕೆ ಬಂದರೆ ಟೆಂಟ್, ಟ್ರೇಲರ್ ಎರಡನ್ನೂ ಬಿಟ್ಟು ಗಟ್ಟಿ ಕಟ್ಟಡಕ್ಕೆ ಹೋಗಬೇಕು.

ಮಾರಿಲ್ಟನ್ ಕಡೆಗೆ ಮರಳುವವರಿಗೆ ಬೆಟ್ಟದ ಪೂರ್ವದಂಚಿನ ಸ್ಟೌಟ್ಸ್ ಪಾಯಿಂಟ್ ಸಿಗುತ್ತದೆ. ಪ್ರಿಯಕರನ ಹಿಂದೆ ಹುಡುಗನ ವೇಷದಲ್ಲಿ ಹಡಗು ಹತ್ತಿ ಬಂದಳೆಂದು ಐತಿಹ್ಯ ಹೇಳುವ ಫ್ರೆಂಚ್ ಹುಡುಗಿಯ ಸಮಾಧಿ ಅಲ್ಲಿದೆ, ಕೆಳಗೆ ಅರ್ಕಾನ್ಸಾ ನದಿಯ ಬಯಲು. ಅರ್ಧ ಗಂಟೆ ಸಾಕು. ಟ್ರೇಲರ್ ಎಳೆಯುವವರು ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಹಾಕಿ. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.