ರ‍್ಯಾಮ್ ಹಾಕಿದ ಮೇಲೆ ಕ್ರ್ಯಾಶ್: ಬಯೋಸ್ ಅಪ್‌ಡೇಟ್ ಮಾಡಬೇಕಾ, ಬೇಡವಾ?

ನನ್ನ ಡೆಸ್ಕ್‌ಟಾಪ್‌ನಲ್ಲಿ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ಇದ್ದವು. ವಿಡಿಯೊ ಎಡಿಟಿಂಗ್‌ಗೆ ಸಾಲುತ್ತಿರಲಿಲ್ಲ. ಅದೇ ಮಾದರಿಯ ಇನ್ನೆರಡು ಹಾಕಿದೆ. ಎಲ್ಲವೂ ಡಿಡಿಆರ್4 (ರ‍್ಯಾಮ್‌ನ ಒಂದು ತಲೆಮಾರು), 3600 ವೇಗದವು. ವಿಂಡೋಸ್ 32 ಜಿಬಿ ಅಂತ ತೋರಿಸಿತು. ಆದರೆ ಕೆಲಸ ಶುರು ಮಾಡಿ ಸ್ವಲ್ಪ ಹೊತ್ತಿಗೆ ನೀಲಿ ಪರದೆ. ಕೆಲವು ಸಲ ಅದೂ ಇಲ್ಲ, ಸೀದಾ ರೀಸ್ಟಾರ್ಟ್.

ಇಂಥ ತೊಂದರೆ ಹೇಳಿಕೊಂಡರೆ ಮೊದಲು ಬರುವ ಸಲಹೆ ‘ಬಯೋಸ್ ಅಪ್‌ಡೇಟ್ ಮಾಡಿ ನೋಡಿ’. ಬಯೋಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ, ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲಿರುವ ಪುಟ್ಟ ಪ್ರೋಗ್ರಾಂ. ನಾನು ತಕ್ಷಣ ಅಪ್‌ಡೇಟ್ ಮಾಡಲಿಲ್ಲ. ಬಯೋಸ್ ಬರೆಯುತ್ತಿರುವಾಗ ಕಂಪ್ಯೂಟರ್ ನಡುವೆ ನಿಂತರೆ ಬೋರ್ಡ್ ಮತ್ತೆ ಆನ್ ಆಗದೇ ಹೋಗಬಹುದು. ಅದೂ ಅಲ್ಲದೆ, ಬರೆಯಬೇಕಾದ ಫೈಲ್ ಮೊದಲು ರ‍್ಯಾಮ್‌ಗೇ ಬರುತ್ತದೆ. ಆ ರ‍್ಯಾಮ್ ಮೇಲೆಯೇ ಅನುಮಾನ ಇರುವಾಗ ಈ ಕೆಲಸಕ್ಕೆ ಕೈ ಹಾಕುವುದು ಸರಿಯಲ್ಲ ಅನಿಸಿತು.

ಮೊದಲು ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ನೋಡಿದೆ. ಅಲ್ಲಿ ‘ಕರ್ನಲ್-ಪವರ್ 41’ ಸಾಲಾಗಿ ಕೂತಿತ್ತು. ಪವರ್ ಅನ್ನುವ ಪದ ನೋಡಿ ಎಷ್ಟೋ ಜನ ಪವರ್ ಸಪ್ಲೈ ಬದಲಾಯಿಸಲು ಓಡುತ್ತಾರೆ. 41 ಹೇಳುವುದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಗಿದೆ. ಯಾಕೆ ಅನ್ನುವುದು ಅದರಲ್ಲಿ ಇರುವುದಿಲ್ಲ. ನೀಲಿ ಪರದೆಯ ಕೋಡ್ ಮಾತ್ರ ಹೆಚ್ಚಿನ ಸಲ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತಲೇ ಬರುತ್ತಿತ್ತು.

ಹಾಗಾಗಿ ರ‍್ಯಾಮ್ ಬಿಡಿಸಿ ಬಿಡಿಸಿ ನೋಡಿದೆ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ ಮೆಮೊರಿ ಪರೀಕ್ಷೆಯ ಪ್ರೋಗ್ರಾಂ ಓಡಿಸಿದೆ. ಹಳೆಯ ಜೋಡಿ ಮಾತ್ರ ಇದ್ದಾಗ ಎರರ್ ಇಲ್ಲ. ಹೊಸ ಜೋಡಿ ಮಾತ್ರ ಇದ್ದಾಗಲೂ ಇಲ್ಲ. ಸ್ಲಾಟ್ ಅದಲುಬದಲು ಮಾಡಿದರೂ ಇಲ್ಲ. ನಾಲ್ಕನ್ನೂ ಹಾಕಿ ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ಹೆಚ್ಚಿನ ವೇಗದಲ್ಲಿ ಓಡಿಸುವ ಬಯೋಸ್ ಸೆಟ್ಟಿಂಗ್) ಆಫ್ ಮಾಡಿದೆ, ವೇಗ 2666ಕ್ಕೆ ಇಳಿಯಿತು, ಆಗಲೂ ಇಲ್ಲ. ನಾಲ್ಕನ್ನೂ 3600ರಲ್ಲಿ ಓಡಿಸಿದ ಕೂಡಲೇ ಎರರ್ ಎಣಿಕೆ ಏರತೊಡಗಿತು. ಕೈಯಿಂದ 3200 ಇಟ್ಟೆ. ಎರರ್ ಕಡಿಮೆಯಾದವು, ನಿಲ್ಲಲಿಲ್ಲ.

ನನ್ನ ತೀರ್ಮಾನ ನಿಂತಿದ್ದು ಇದರ ಮೇಲೆಯೇ. ಒಂದೇ ಸ್ಟಿಕ್ ಸಾಮಾನ್ಯ ವೇಗದಲ್ಲಿ ಎರರ್ ಕೊಟ್ಟಿದ್ದರೆ ಹೆಚ್ಚಾಗಿ ಅದು ಕೆಟ್ಟಿದೆ ಅಂತಲೇ ಅರ್ಥ. ಯಾವ ಬಯೋಸ್ ಹಾಕಿದರೂ ಅದು ಸರಿಹೋಗುವುದಿಲ್ಲ, ವಾಪಸ್ ಕೊಡಬೇಕು ಅಷ್ಟೆ. ಇಲ್ಲಿ ಸ್ಟಿಕ್‌ಗಳು ಸರಿ ಇವೆ, ಸ್ಲಾಟ್‌ಗಳು ಸರಿ ಇವೆ. ನಾಲ್ಕೂ ಸೇರಿ ಜೋರಾಗಿ ಓಡುವಾಗ ಮಾತ್ರ ತಕರಾರು. ಆನ್ ಆಗುವಾಗ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ಟೈಮಿಂಗ್, ವೋಲ್ಟೇಜ್ ಹೊಂದಿಸುವುದು ಬಯೋಸ್‌ನ ಕೆಲಸ. ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ ಇದಕ್ಕೆ. ಅಂದರೆ ಹೊಸ ಬಯೋಸ್‌ನಿಂದ ಪ್ರಯೋಜನ ಆಗುವ ಸಾಧ್ಯತೆ ನಿಜವಾಗಿಯೂ ಇದೆ.

ಆಮೇಲೆ ಪ್ರತಿ ಬಯೋಸ್ ಆವೃತ್ತಿಯಲ್ಲಿ ಏನು ಬದಲಾಗಿದೆ ಅಂತ ಹೇಳುವ ರಿಲೀಸ್ ನೋಟ್ಸ್ ಓದಿದೆ. ನನ್ನಲ್ಲಿದ್ದ ಆವೃತ್ತಿ ಹಳೆಯದು. ಅದರ ನಂತರ ಬಂದ ಒಂದರಲ್ಲಿ ‘ಮೆಮೊರಿ ಹೊಂದಾಣಿಕೆ ಸುಧಾರಿಸಿದೆ’ ಅಂತ ಒಂದೇ ಸಾಲು. ಈ ನೋಟ್ಸ್ ಯಾವಾಗಲೂ ಹೀಗೆ ಜಿಪುಣ. ಆದರೂ ನನ್ನ ತೊಂದರೆಗೆ ಸಂಬಂಧಪಟ್ಟ ಸಾಲು ಅದೇ, ಅಲ್ವಾ? ಇನ್ನೂ ಪರೀಕ್ಷೆಯ ಹಂತದಲ್ಲಿರುವ ಬೀಟಾ ಆವೃತ್ತಿಗಳನ್ನು ಬಿಟ್ಟೆ. ಬೋರ್ಡ್ ಮೇಲೆ ಅಚ್ಚಾಗಿರುವ ರಿವಿಷನ್ ನಂಬರ್ ನೋಡಿಯೇ ಫೈಲ್ ಇಳಿಸಿಕೊಂಡೆ. ಹೆಸರು ಒಂದೇ ಇದ್ದರೂ ರಿವಿಷನ್ ಬೇರೆಯಾದರೆ ಫೈಲ್ ಬೇರೆ ಇರಬಹುದು.

ಹೊಸ ಪ್ರೊಸೆಸರ್ ಹಾಕುವವರ ವಿಷಯ ಬೇರೆ. ಹಳೆಯ ಬಯೋಸ್‌ಗೆ ಆ ಪ್ರೊಸೆಸರ್ ಪರಿಚಯವೇ ಇಲ್ಲದಿದ್ದರೆ ಪರದೆ ಮೇಲೆ ಏನೂ ಬರದೇ ಇರಬಹುದು. ಹಳೆಯದನ್ನು ತೆಗೆಯುವ ಮೊದಲೇ ಅಪ್‌ಡೇಟ್ ಮುಗಿಸಿಬಿಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಕ್ರ್ಯಾಶ್ ವಿಷಯದಲ್ಲಂತೂ ಕಾಯಲೇಬಾರದು. ಹೆಚ್ಚು ವೋಲ್ಟೇಜ್ ಹೋಗದಂತೆ ತಡೆಯುವ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗೇ ಓಡುವ ಸೂಚನೆಗಳು) 2024ರಲ್ಲಿ ಬಯೋಸ್ ಅಪ್‌ಡೇಟ್ ಮೂಲಕವೇ ಬಂತು. ಆಗಲೇ ಹಾಳಾದ ಪ್ರೊಸೆಸರ್ ಅದರಿಂದ ಸರಿಹೋಗುವುದಿಲ್ಲ. ಅದಕ್ಕೇ ಬೇಗ ಹಾಕಿಕೊಳ್ಳಬೇಕು.

ಅಪ್‌ಡೇಟ್‌ಗೆ ಮುಂಚೆ ಹೊಸ ಸ್ಟಿಕ್‌ಗಳನ್ನು ತೆಗೆದೆ. ಎಕ್ಸ್‌ಎಂಪಿ ಆಫ್ ಮಾಡಿದೆ. ಈಗ ಕಂಪ್ಯೂಟರ್ ಕ್ರ್ಯಾಶ್ ಆಗದೆ ಓಡುತ್ತಿದೆ ಅಂತ ಖಾತ್ರಿ ಮಾಡಿಕೊಂಡೆ. ಬಯೋಸ್ ಸೆಟ್ಟಿಂಗ್‌ನ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟೆ. ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ, ಅದರ ರಿಕವರಿ ಕೀ ಬೇರೆ ಕಡೆ ಬರೆದಿಟ್ಟೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಬಯೋಸ್ ಬದಲಾದಾಗ ಟಿಪಿಎಂ (ಆ ಬೀಗದ ಕೀ ಕಾಯುವ ಭದ್ರತಾ ಚಿಪ್) ಲೆಕ್ಕ ತಪ್ಪಿ, ಕೀ ಕೊಡು ಅಂತ ವಿಂಡೋಸ್ ಕೇಳಬಹುದು. ಕೀ ಇಲ್ಲದಿದ್ದರೆ ಡ್ರೈವ್‌ನಲ್ಲಿರುವ ಫೈಲ್‌ಗಳು ಕೈಗೆ ಸಿಗುವುದಿಲ್ಲ.

ಯುಪಿಎಸ್‌ಗೆ ಸಿಕ್ಕಿಸಿ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ, ಬಯೋಸ್‌ನ ಒಳಗಿನ ಮೆನುವಿನಿಂದಲೇ ಅಪ್‌ಡೇಟ್ ಮಾಡಿದೆ. ವಿಂಡೋಸ್ ಒಳಗಿನಿಂದ ಮಾಡುವ ಪ್ರೋಗ್ರಾಂ ಕೂಡ ಇತ್ತು. ಅದು ನನಗೆ ಬೇಡವಾಗಿತ್ತು. ಮುಗಿದ ಮೇಲೆ ಪರದೆ ಕಪ್ಪಾಗಿ, ತಾನಾಗಿಯೇ ಆಫ್ ಆಗಿ ಆನ್ ಆಯಿತು. ಆಗ ಸುಮ್ನೆ ಕಾಯಬೇಕು, ಪವರ್ ಬಟನ್ ಮುಟ್ಟಬಾರದು.

ನಾಲ್ಕೂ ಸ್ಟಿಕ್ ವಾಪಸ್ ಹಾಕಿದೆ. ಕ್ರ್ಯಾಶ್ ಇಲ್ಲ. ಹೆಚ್ಚಿನವರು ಗೆದ್ದೆವು ಅಂದುಕೊಳ್ಳುವುದು ಇಲ್ಲೇ. ಅಪ್‌ಡೇಟ್ ಆದಾಗ ಬಯೋಸ್ ಸೆಟ್ಟಿಂಗ್ ಸಾಮಾನ್ಯವಾಗಿ ಕಾರ್ಖಾನೆಯಿಂದ ಬಂದಾಗ ಇದ್ದಂತಾಗುತ್ತದೆ, ಎಕ್ಸ್‌ಎಂಪಿಯೂ ಆಫ್ ಆಗುತ್ತದೆ. ರ‍್ಯಾಮ್ ಓಡುತ್ತಿದ್ದುದು 2666ರಲ್ಲಿ. ಆ ವೇಗದಲ್ಲಿ ಹಳೆಯ ಬಯೋಸ್‌ನಲ್ಲೂ ಎಲ್ಲ ಸರಿಯೇ ಇತ್ತಲ್ಲ! ಹೊಸ ಬಯೋಸ್ ಏನಾದರೂ ಮಾಡಿದೆಯಾ ಅಂತ ತಿಳಿಯಬೇಕಾದರೆ ಮೊದಲು ಸೋತ ವೇಗದಲ್ಲೇ ಮತ್ತೆ ಓಡಿಸಬೇಕು.

3600 ಇಟ್ಟೆ, ಎರರ್ ಬಂತು. 3200 ಇಟ್ಟೆ, ರಾತ್ರಿಯಿಡೀ ಓಡಿಸಿದರೂ ಒಂದೂ ಎರರ್ ಇಲ್ಲ. ಅಪ್‌ಡೇಟ್‌ನಿಂದ ಸಿಕ್ಕಿದ್ದು ಇದು. ಡಿಡಿಆರ್4ಗೆ ಮೆಮೊರಿಯ ಮಾನದಂಡ ಗೊತ್ತುಮಾಡುವ ಸಂಸ್ಥೆ ಜೆಡೆಕ್ ನಿಗದಿ ಮಾಡಿರುವ ಅತಿ ಹೆಚ್ಚಿನ ವೇಗವೇ 3200. ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಜೋರಾಗಿ ಓಡಿಸುವುದು; ನಾಲ್ಕು ಸ್ಟಿಕ್ ಇದ್ದರೆ ಪ್ರೊಸೆಸರ್‌ಗೆ ಭಾರ ಇನ್ನೂ ಜಾಸ್ತಿ. ನನ್ನ ಕೆಲಸಕ್ಕೆ 3200 ಧಾರಾಳ ಸಾಕು.

ಆಮೇಲೆ ಇನ್ನೊಂದು ಆವೃತ್ತಿ ಬಂದಿದೆ. ನೋಟ್ಸ್‌ನಲ್ಲಿ ಇರುವುದು ಹೊಸ ಪ್ರೊಸೆಸರ್‌ಗಳ ಬೆಂಬಲ ಮಾತ್ರ. ನನ್ನ ಹತ್ತಿರ ಅವು ಇಲ್ಲ, ಆದ್ದರಿಂದ ಹಾಕಿಲ್ಲ. ಸುರಕ್ಷತೆಯ ದೋಷ ಸರಿಪಡಿಸಿದ ಆವೃತ್ತಿ ಬಂದರೆ ಆ ವಾರವೇ ಹಾಕುತ್ತೇನೆ.