ಬರ್ನರ್ ನಿಂತ ರಾತ್ರಿ: ಎಣ್ಣೆಯಿಂದ ಬೆಚ್ಚಗಾಗುವ ಹಳ್ಳಿಮನೆಯಲ್ಲಿ ಮೊದಲು ಏನು ನೋಡಬೇಕು?

ಹಿಮ ಬೀಳುವ ನಾಡುಗಳಲ್ಲಿ ಪೇಟೆಯಿಂದ ದೂರವಿರುವ ಎಷ್ಟೋ ಮನೆಗಳಿಗೆ ಗ್ಯಾಸ್ ಪೈಪು ಬಂದಿರುವುದಿಲ್ಲ. ನೆಲಮಾಳಿಗೆಯಲ್ಲೋ ಹಿತ್ತಲಲ್ಲೋ ಒಂದು ಎಣ್ಣೆ ಟ್ಯಾಂಕು, ಆ ಎಣ್ಣೆ ಉರಿಸುವ ಬರ್ನರ್, ಬಿಸಿನೀರನ್ನು ಕೋಣೆ ಕೋಣೆಗೂ ಕಳಿಸುವ ಬಾಯ್ಲರ್, ಬಳಕೆಗೆ ಬಾವಿ ನೀರು. ಇಷ್ಟೂ ಮನೆಯವರೇ ನೋಡಿಕೊಳ್ಳಬೇಕಾದವು. ನಡುರಾತ್ರಿ ಬರ್ನರ್ ನಿಂತರೆ ಮೆಕ್ಯಾನಿಕ್ ಬರುವಷ್ಟರಲ್ಲಿ ಬೆಳಗಾಗಬಹುದು. ಮನೆಮಂದಿ ಕಂಬಳಿ ಹೊದ್ದು ಚಳಿ ತಡೆದುಕೊಂಡಾರು, ಗೋಡೆಯೊಳಗಿನ ನೀರಿನ ಪೈಪು ತಡೆದುಕೊಳ್ಳದು. ಆದ್ದರಿಂದ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಬರ್ನರ್ ಹತ್ತಿರ ಹೋಗುವ ಮುನ್ನ

ಕೋಣೆಯ ಬಿಸಿ ನೋಡಿ ಬರ್ನರ್ ಚಾಲೂ ಮಾಡಿಸುವ ಥರ್ಮೋಸ್ಟಾಟಿನ ಸೆಲ್ ಮುಗಿದಿದೆಯೇ ನೋಡಿ. ನೆಲಮಾಳಿಗೆಯ ಮೆಟ್ಟಿಲ ಬಳಿ ಬರ್ನರಿನ ತುರ್ತು ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ ಕೆಂಪು ಫಲಕದ್ದು. ದೀಪದ ಸ್ವಿಚ್ಚೆಂದು ಯಾರೋ ಆರಿಸಿಬಿಟ್ಟಿರುವುದು ಬಹಳ ಸಲ ನಡೆಯುವ ಸಂಗತಿ. ಬ್ರೇಕರ್ ಟ್ರಿಪ್ ಆಗಿದೆಯೇ ಎಂದೂ ನೋಡಿ. ಕೊನೆಗೆ ಟ್ಯಾಂಕು. ಅದರ ಮೇಲಿನ ತೇಲುಮಾಪಕ ಸಿಕ್ಕಿಹಾಕಿಕೊಂಡು ಸುಳ್ಳು ಮಟ್ಟ ತೋರಿಸಬಹುದು. ಶುಚಿಯಾದ ಒಣ ಕೋಲು ಇಳಿಸಿ ನೋಡಿದರೆ ನಿಜ ತಿಳಿಯುತ್ತದೆ.

ರೀಸೆಟ್ ಬಟನ್: ಒಂದೇ ಸಲ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಬರ್ನರಿನ ಪಂಪು ಎಣ್ಣೆಯನ್ನು 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ನಾಜಲ್‌ ಮೂಲಕ ಮಂಜಿನಂತೆ ಸಿಂಪಡಿಸುತ್ತದೆ, ಕಿಡಿ ತಗುಲಿ ಅದು ಹತ್ತಿಕೊಳ್ಳುತ್ತದೆ. ಜ್ವಾಲೆಯ ಬೆಳಕನ್ನು ಒಂದು ಪುಟ್ಟ ಸೆನ್ಸರ್ ಕಾಯುತ್ತಿರುತ್ತದೆ. 15ರಿಂದ 45 ಸೆಕೆಂಡಿನೊಳಗೆ ಬೆಳಕು ಕಾಣದಿದ್ದರೆ ಬರ್ನರ್ ತಾನೇ ನಿಲ್ಲುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಇರುವುದೇ ರೀಸೆಟ್ ಬಟನ್. ಬಟನ್ ಒತ್ತಿದಾಗಲೆಲ್ಲ ಉರಿಯದ ಎಣ್ಣೆ ಒಲೆಯೊಳಗೆ ಇನ್ನಷ್ಟು ಸೇರುತ್ತದೆ. ಐದಾರು ಸಲ ಒತ್ತಿದ ಮೇಲೆ ಕಿಡಿ ಹತ್ತಿತೆನ್ನಿ, ಸೇರಿದ್ದೆಲ್ಲ ಒಟ್ಟಿಗೇ ಭುಗಿಲೇಳುತ್ತದೆ. ಹೊಗೆಕೊಳವೆಯ ಕೀಲು ಕಳಚಿ ಮನೆತುಂಬ ಮಸಿ ಹರಡಬಹುದು, ಬೆಂಕಿಯೂ ಹೊತ್ತಿಕೊಳ್ಳಬಹುದು. ಒಂದು ಸಲ ಒತ್ತಿ, ಕಿವಿಗೊಡಿ. ಮೋಟಾರು ತಿರುಗಿಯೂ ಉರಿ ಹತ್ತದಿದ್ದರೆ ಎಣ್ಣೆ ಬರುತ್ತಿಲ್ಲ ಅಥವಾ ಕಿಡಿ ಇಲ್ಲ. ಹತ್ತಿ ಆರಿಹೋದರೆ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಸೆನ್ಸರಿಗೆ ಮಸಿ ಹಿಡಿದಿರಬಹುದು. ಎರಡನೇ ಸಲ ಒತ್ತದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಕೇಳಿಸಿದ್ದನ್ನು ಹಾಗೆಯೇ ಹೇಳಿ.

ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಕೂಗಿದರೆ ಹುಡುಕಾಟ ಬೇಡ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ.

ಎಣ್ಣೆ ಮುಗಿದಿದ್ದರೆ

ಎಣ್ಣೆಯ ಲಾರಿ ಬರುವ ತನಕ ಡೀಸೆಲ್ ನಡೆಯುತ್ತದೆ, ಮನೆ ಕಾಯಿಸುವ ಎಣ್ಣೆಗೂ ಅದಕ್ಕೂ ಬಹಳ ವ್ಯತ್ಯಾಸವಿಲ್ಲ. ಪೆಟ್ರೋಲ್ ಮಾತ್ರ ಎಂದೆಂದಿಗೂ ಕೂಡದು. ಸುರಿದ ಕೂಡಲೇ ಚಾಲೂ ಮಾಡಬೇಡಿ. ತಳದ ಗಸಿ ಕದಡಿರುತ್ತದೆ, ಅರ್ಧ ಗಂಟೆ ತಂಗಲು ಬಿಡಿ.

ಟ್ಯಾಂಕಿನಿಂದ ಒಂದೇ ಪೈಪು ಬರುವ ವ್ಯವಸ್ಥೆಯಲ್ಲಿ ಪಂಪಿಗೆ ಏರ್ ಹಿಡಿದಿರುತ್ತದೆ, ಅದನ್ನು ಬಿಡಿಸಬೇಕು. ತುರ್ತು ಸ್ವಿಚ್ ಆರಿಸಿ. ಪಂಪಿನ ಬದಿಯ ಬ್ಲೀಡರ್ ತಿರುಪಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಡಬ್ಬಿಯಲ್ಲಿಡಿ. ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ, ಸ್ವಿಚ್ ಹಾಕಿ, ರೀಸೆಟ್ ಒತ್ತಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆಯಿಲ್ಲದ ಧಾರೆ. ಧಾರೆ ಒಂದೇ ಸಮನಾದಾಗ, ಮೋಟಾರು ತಿರುಗುತ್ತಿರುವಾಗಲೇ ತಿರುಪು ಬಿಗಿಮಾಡಿ. ಉರಿ ಹತ್ತುತ್ತದೆ. ಧಾರೆ ಬರುವ ಮೊದಲೇ ಬರ್ನರ್ ನಿಂತರೆ ಇಲ್ಲಿ ಮತ್ತೆ ರೀಸೆಟ್ ಒತ್ತಬಹುದು. ತಿರುಪು ತೆರೆದಿರುವಾಗ ಎಣ್ಣೆ ಡಬ್ಬಿಗೆ ಹೋಗುತ್ತದೆಯೇ ಹೊರತು ಒಲೆಗಲ್ಲ.

ಟ್ಯಾಂಕು ಬಯಲಲ್ಲಿದ್ದರೆ ಕಡುಚಳಿಗೆ ಎಣ್ಣೆಯಲ್ಲಿ ಮೇಣ ಕಟ್ಟಿ ಪೈಪು ಮುಚ್ಚಿಕೊಳ್ಳುತ್ತದೆ. ಚಳಿಗಾಲಕ್ಕೆ ಮೊದಲೇ ಸೀಮೆಎಣ್ಣೆ ಬೆರೆಸಿಸಿಕೊಳ್ಳುವುದು ಒಳ್ಳೆಯದು.

ಉರಿ ಇದೆ, ಕೋಣೆ ತಣ್ಣಗಿದೆ

ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಬುಡ ಬಿಸಿಯಾಗಿ ತಲೆ ತಣ್ಣಗಿದ್ದರೆ ಮೇಲೆ ಗಾಳಿ ಕೂತಿದೆ ಎಂದರ್ಥ. ಬಿಸಿನೀರು ಹರಿಸುವ ಪಂಪು ನಿಲ್ಲಿಸಿ, ರೇಡಿಯೇಟರಿನ ಮೇಲ್ಮೂಲೆಯ ವಾಲ್ವನ್ನು ಕೀಲಿಯಿಂದ ತುಸು ತಿರುಗಿಸಿ. ಬುಸುಗುಡುವುದು ನಿಂತು ನೀರು ಬಂದಾಗ ಮುಚ್ಚಿ. ಬಾಯ್ಲರಿನ ಮಾಪಕವನ್ನೂ ನೋಡಿ. ಎರಡಂತಸ್ತಿನ ಮನೆಗೆ, ಬಾಯ್ಲರ್ ತಣ್ಣಗಿರುವಾಗ, 12ರಿಂದ 15 ಪಿಎಸ್‌ಐ ಇದ್ದರೆ ಸರಿ. ಮನೆಯ ಬಾಯ್ಲರಿನ ಸುರಕ್ಷತಾ ವಾಲ್ವ್ ಸಾಮಾನ್ಯವಾಗಿ 30ಕ್ಕೆ ತೆರೆದುಕೊಳ್ಳುತ್ತದೆ. ಅದು ತೊಟ್ಟಿಕ್ಕುತ್ತಿದ್ದರೆ ಬಿರಡೆ ಹಾಕಿ ಮುಚ್ಚಬೇಡಿ, ಬಾಯ್ಲರ್ ಸಿಡಿಯದಂತೆ ಕಾಯುತ್ತಿರುವುದೇ ಅದು.

ಬಾವಿಯ ನೀರು

ನಲ್ಲಿ ತೆರೆದಾಗಲೆಲ್ಲ ಪಂಪು ಚಾಲೂ ಆಗಿ ಕ್ಷಣದಲ್ಲೇ ನಿಲ್ಲುತ್ತಿದ್ದರೆ ನೀರನ್ನು ಒತ್ತಡದಲ್ಲಿ ಹಿಡಿದಿಡುವ ಪ್ರೆಷರ್ ಟ್ಯಾಂಕಿನಲ್ಲಿ ಗಾಳಿ ಕಡಿಮೆಯಾಗಿದೆ. ಪಂಪಿನ ವಿದ್ಯುತ್ ತೆಗೆದು, ನೀರೆಲ್ಲ ಬಿಟ್ಟು, ಟೈರಿನ ಗಾಳಿಮಾಪಕ ಹಚ್ಚಿ ನೋಡಿ. ಪಂಪು ಚಾಲೂ ಆಗುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ ಇರಬೇಕು. 30ಕ್ಕೆ ಚಾಲೂ ಆಗುವ ಪಂಪಿಗೆ 28. ಗಾಳಿಯ ಬಾಯಿಂದ ನೀರು ಚಿಮ್ಮಿದರೆ ಒಳಗಿನ ರಬ್ಬರ್ ಚೀಲ ಹರಿದಿದೆ, ಟ್ಯಾಂಕು ಬದಲಿಸಬೇಕು.

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪೈಪು ಹೆಚ್ಚಾಗಿ ಒಡೆಯುವುದು ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ. ಆದ್ದರಿಂದ ಪೈಪು ಹೆಪ್ಪುಗಟ್ಟಿದ್ದರೆ ಮೊದಲು ನಲ್ಲಿ ತೆರೆದಿಡಿ. ಹೇರ್ ಡ್ರೈಯರಿನಿಂದ ನಲ್ಲಿಯ ಕಡೆಯಿಂದ ಒಳಕ್ಕೆ ಸಾಗುತ್ತಾ ಕಾಯಿಸಿ. ಬೆಂಕಿ ಹಿಡಿಯಬೇಡಿ. ಮುಖ್ಯ ವಾಲ್ವ್ ಎಲ್ಲಿದೆಯೆಂದು ತಿಳಿದಿರಲಿ, ಕರಗಿದ ಮೇಲೆ ಒಡಕು ಗೊತ್ತಾಗುತ್ತದೆ.

ಮರುದಿನದವರೆಗೂ ಬರ್ನರ್ ಸರಿಯಾಗುವ ಸೂಚನೆಯಿಲ್ಲ, ಚಳಿಯೂ ಏರುತ್ತಿದೆ ಎಂದಾದರೆ ಪೈಪು ಖಾಲಿಮಾಡಿ. ಬಾವಿಯ ಪಂಪಿನ ಬ್ರೇಕರ್ ಆರಿಸಿ, ವಾಟರ್ ಹೀಟರಿನದೂ ಆರಿಸಿ. ಖಾಲಿ ಹೀಟರಿಗೆ ಕರೆಂಟು ಹೋದರೆ ಕಾಯಿಲ್ ಸುಡುತ್ತದೆ. ಮನೆಯ ಅತಿ ತಗ್ಗಿನ ನಲ್ಲಿಯನ್ನೂ ಮೇಲಿನ ನಲ್ಲಿಗಳನ್ನೂ ತೆರೆಯಿರಿ, ಶೌಚಾಲಯದ ಫ್ಲಶ್ ಒಮ್ಮೆ ಒತ್ತಿ.